ಡಿಸ್ನಿಲ್ಯಾಂಡ್ ಬೇಕು ಅನ್ನೋರು ಅದರ ಟಿಕೆಟ್ ನೋಡಿದ್ದಾರಾ?

ಕನ್ನಂಬಾಡಿ ಕಟ್ಟೆ ಕೆಳಗಿನ ಬೃಂದಾವನವನ್ನು ‘ಡಿಸ್ನಿಲ್ಯಾಂಡ್’ ಮಾಡುತ್ತೇವೆ ಅನ್ನೋ ಮಾತು ಇವತ್ತು ನಿನ್ನೆಯದಲ್ಲ. 2018ರಲ್ಲಿ ಸಮ್ಮಿಶ್ರ ಸರ್ಕಾರ ಇದ್ದಾಗಲೇ ಕಾವೇರಿ ಮಾತೆಯ ಭಾರೀ ಪ್ರತಿಮೆ, ಜೊತೆಗೆ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ ಅಂತ ಮಂತ್ರಿಗಳು ಹೇಳಿದ್ದರು. ಸರ್ಕಾರ ಹೋಯಿತು, ಪ್ರತಿಮೆ ಬರಲಿಲ್ಲ. 2024ರಲ್ಲಿ ಸಚಿವ ಸಂಪುಟ ಮತ್ತೆ ಅದೇ ಜಾಗಕ್ಕೆ ಕೈ ಹಾಕಿ, ಖಾಸಗಿ ಸಹಭಾಗಿತ್ವದಲ್ಲಿ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಮಂಡ್ಯ ಜಿಲ್ಲೆಯ ರೈತರು ಕಟ್ಟೆಯ ಬುಡದಲ್ಲಿ ಈ ಆಟ ಬೇಡ ಅಂತ ಬೀದಿಗಿಳಿದರು.

ಕಟ್ಟೆಯ ಸುರಕ್ಷತೆ ದೊಡ್ಡ ಪ್ರಶ್ನೆ. ಅದರ ಮುಂದೆ ಬೇರೆಲ್ಲ ಸಣ್ಣದು, ಸರಿ. ಆದರೆ ಆ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮೂಲೆಗೆ ಬಿದ್ದಿದೆ. ಗೇಟಿನಲ್ಲಿ ಎಷ್ಟು ಕೀಳುತ್ತಾರೆ? ಕಿತ್ತ ಮೇಲೆ ಒಳಗೆ ಏನು ಕೊಡುತ್ತಾರೆ? ಡಿಸ್ನಿಲ್ಯಾಂಡ್ ಅಂತ ಹೆಸರು ಹೇಳಿದ ಮೇಲೆ, ಆ ಅಸಲಿ ಡಿಸ್ನಿಲ್ಯಾಂಡಿನಲ್ಲಿ ಏನು ನಡೆದಿದೆ ಅಂತ ಒಂದ್ಸಲ ನೋಡಿಬಿಡುವುದು ಒಳ್ಳೆಯದು. ಹೆಣ್ಣು ನೋಡೋಕೆ ಹೋಗೋರು ಮನೆತನ ವಿಚಾರಿಸುವುದಿಲ್ಲವೇ, ಹಾಗೆ.

ಒಂದು ಡಾಲರಿನಿಂದ 224 ಡಾಲರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್ ಊರಿನಲ್ಲಿ, ಕಿತ್ತಲೆ ತೋಟ ಇದ್ದ ಜಾಗದಲ್ಲಿ ವಾಲ್ಟ್ ಡಿಸ್ನಿ ಕಟ್ಟಿದ ಈ ಪಾರ್ಕು ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಆಗ ದೊಡ್ಡವರಿಗೆ ಗೇಟಿನಲ್ಲಿ ಒಂದು ಡಾಲರ್. ಅವತ್ತಿನ ಲೆಕ್ಕದಲ್ಲಿ ಐದು ರೂಪಾಯಿಗೂ ಕಡಿಮೆ. ಒಳಗಿನ ಆಟಗಳಿಗೆ ಬೇರೆ ಕಾಸು. ಆಮೇಲೆ ಆಟಗಳಿಗೆ ಕೂಪನ್ ಪುಸ್ತಕ ಬಂತು. ಎ, ಬಿ, ಸಿ ಅಂತ ದರ್ಜೆ. ಸಾದಾ ಆಟಕ್ಕೆ ‘ಎ’, ಭರ್ಜರಿ ಆಟಕ್ಕೆ ‘ಇ’. 1982ರಲ್ಲಿ ಕೂಪನ್ ತೆಗೆದುಹಾಕಿ, ಒಂದೇ ಟಿಕೆಟ್, ಒಳಗೆ ಎಲ್ಲ ಆಟ ಅಂತ ಮಾಡಿದರು. ಜನಕ್ಕೂ ಇದು ಹಿಡಿಸಿತು. ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಪ್ರತಿ ಆಟದ ಮುಂದೆ ಜೇಬು ಮುಟ್ಟಿ ನೋಡಿಕೊಳ್ಳುವುದು ತಪ್ಪಿತು.

ಈಗ? 2016ರಿಂದ ಒಂದೊಂದು ದಿನಕ್ಕೆ ಒಂದೊಂದು ದರ. ಜನ ಕಡಿಮೆ ಇರುವ ದಿನ 104 ಡಾಲರ್, ಹಬ್ಬ ರಜೆಯ ದಿನ ಅದರ ಎರಡರಷ್ಟು. ವರಮಹಾಲಕ್ಷ್ಮಿ ದಿನ ಮಲ್ಲಿಗೆ ಮಾರು ಬೆಲೆ ಏರುತ್ತಲ್ಲ, ಅದೇ ಲೆಕ್ಕ. 2024ರ ಅಕ್ಟೋಬರಿನಲ್ಲಿ ಅತಿ ದುಬಾರಿ ದಿನದ ಟಿಕೆಟ್ 200 ಡಾಲರ್ ದಾಟಿ 206 ಆಯಿತು. 2025ರ ಅಕ್ಟೋಬರಿನಲ್ಲಿ 224 ಆಯಿತು. ರೂಪಾಯಿ ಲೆಕ್ಕದಲ್ಲಿ ಹತ್ತೊಂಬತ್ತು ಸಾವಿರದ ಮೇಲೆ. ಒಬ್ಬರಿಗೆ, ಒಂದು ದಿನಕ್ಕೆ.

ಎಲ್ಲದರ ಬೆಲೆಯೂ ಏರಿದೆ ಸ್ವಾಮಿ, ಇದೊಂದೇ ಏನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 1955ರ ಒಂದು ಡಾಲರಿನಲ್ಲಿ ಬರುತ್ತಿದ್ದ ಸಾಮಾನಿಗೆ ಅಮೆರಿಕದಲ್ಲಿ ಈಗ ಸುಮಾರು ಹನ್ನೆರಡು ಡಾಲರ್ ಬೇಕು. ಅಂದರೆ ಬೆಲೆ ಏರಿಕೆ ಹನ್ನೆರಡು ಪಟ್ಟು. ಆಗ ಆಟದ ಕಾಸು ಬೇರೆ ಇತ್ತು ಅಂತ ಇನ್ನೂ ನಾಲ್ಕೈದು ಪಟ್ಟು ಸೇರಿಸಿಕೊಂಡರೂ ಅರವತ್ತು ಡಾಲರ್ ಆಗುತ್ತದೆ. 224ಕ್ಕೂ ಅರವತ್ತಕ್ಕೂ ಅಜಗಜಾಂತರ.

ಸಾಲಿಗೂ ಸುಂಕ

ದುಡ್ಡು ಜಾಸ್ತಿ ಕೊಟ್ಟವನಿಗೆ ಸುಖ ಜಾಸ್ತಿ ಸಿಗಬೇಕಲ್ಲ? ಇಲ್ಲಿದೆ ತಮಾಷೆ. 1999ರಲ್ಲಿ ಡಿಸ್ನಿಯವರು ‘ಫಾಸ್ಟ್‌ಪಾಸ್’ ಅಂತ ಒಂದು ಚೀಟಿ ತಂದರು. ಆಟದ ಮುಂದಿನ ಯಂತ್ರದಲ್ಲಿ ಚೀಟಿ ತೆಗೆದುಕೊಂಡರೆ, ಅದರಲ್ಲಿ ಬರೆದ ಹೊತ್ತಿಗೆ ಬಂದು ಬೇಗ ಒಳಗೆ ಹೋಗಬಹುದಿತ್ತು. ಕಾಸಿಲ್ಲ, ಟಿಕೆಟಿನಲ್ಲೇ ಸೇರಿತ್ತು. ಬಡವ ಬಲ್ಲಿದ ಎಲ್ಲರಿಗೂ ಒಂದೇ ಯಂತ್ರ.

ಕೊರೊನಾ ಬಂದು 2020ರ ಮಾರ್ಚಿನಲ್ಲಿ ಪಾರ್ಕು ಮುಚ್ಚಿತು. 2021ರ ಏಪ್ರಿಲ್ ಕೊನೆಗೆ ತೆರೆದಾಗ ಆ ಪುಕ್ಕಟೆ ಚೀಟಿ ಮಾಯ. ಅದೇ ವರ್ಷದ ಕೊನೆಗೆ ಅದೇ ಸೌಲಭ್ಯ ಬೇರೆ ಹೆಸರಿನಲ್ಲಿ ವಾಪಸ್ಸು ಬಂತು, ತಲೆಗೆ ದಿನಕ್ಕೆ 20 ಡಾಲರ್. 2024ರ ಕೊನೆಗೆ ಇನ್ನೊಂದು ದರ್ಜೆ ಹುಟ್ಟಿತು: 400 ಡಾಲರ್ ಬಿಸಾಕಿದರೆ ಹೊತ್ತು ಗೊತ್ತಿಲ್ಲದೆ ಯಾವಾಗ ಬೇಕಾದರೂ ನುಗ್ಗಬಹುದು. ಟಿಕೆಟ್ ಬೇರೆ, ಇದು ಬೇರೆ.

ಸಾಲು ಅನ್ನೋದು ಅಂಗಡಿಯಲ್ಲಿ ತೂಗಿ ಕೊಡುವ ಸಾಮಾನಲ್ಲ. ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಉಳಿಯಲೇಬೇಕು. ದುಡ್ಡು ಕೊಟ್ಟವನಿಗೆ ಉಳಿದ ಅರ್ಧ ಗಂಟೆ ಬಂದದ್ದು ದುಡ್ಡು ಕೊಡದವನ ಅರ್ಧ ಗಂಟೆಯಿಂದ. ಹೀಗಾಗಿ ಸಾದಾ ಸಾಲಿನಲ್ಲಿ ನಿಂತವನಿಗೆ ಕೊನೆಗೆ ತಾನೂ ಕೊಟ್ಟುಬಿಡೋಣ ಅನಿಸುತ್ತದೆ. ಸಾಲು ಉದ್ದ ಆದಷ್ಟೂ ಕಂಪನಿಗೆ ವ್ಯಾಪಾರ. ಹೀಗಿರುವಾಗ ಸಾಲು ಗಿಡ್ಡ ಮಾಡುವ ಉಮೇದು ಯಾರಿಗೆ ಬರುತ್ತದೆ? ಬಿಡದಿಯ ವಂಡರ್‌ಲಾದಲ್ಲೂ ಸಾದಾ ಟಿಕೆಟ್ ಬೇರೆ, ಫಾಸ್ಟ್ ಟ್ರ್ಯಾಕ್ ಟಿಕೆಟ್ ಬೇರೆ. ಪದ್ಧತಿ ದೂರದ್ದೇನಲ್ಲ.

ಇಡ್ಲಿ ಸಣ್ಣದಾದ ಕಥೆ

ಹೋಟೆಲಿನವರು ಇಡ್ಲಿ ಬೆಲೆ ಏರಿಸಿದರೆ ಗಿರಾಕಿ ಗೊಣಗುತ್ತಾನೆ, ಆದರೂ ತಿನ್ನುತ್ತಾನೆ. ಬೆಲೆಯೂ ಏರಿಸಿ ಇಡ್ಲಿಯೂ ಸಣ್ಣದು ಮಾಡಿದರೆ ಎದ್ದು ಹೋಗುತ್ತಾನೆ. 2021ರ ನವೆಂಬರಿನಲ್ಲಿ ಡಿಸ್ನಿಯ ಹಣಕಾಸು ಮುಖ್ಯಸ್ಥೆ ಕ್ರಿಸ್ಟೀನ್ ಮೆಕಾರ್ಥಿ, ತಿಂಡಿಯ ಪ್ರಮಾಣ ಕಡಿಮೆ ಮಾಡಬಹುದು, ಕೆಲವರ ಸೊಂಟದ ಸುತ್ತಳತೆಗೂ ಅದು ಒಳ್ಳೆಯದೇ ಅನ್ನುವ ಅರ್ಥದ ಮಾತಾಡಿದರು. ಜನ ಉರಿದುಬಿದ್ದರು. ಫ್ಲೋರಿಡಾದ ಡಿಸ್ನಿಯಲ್ಲಿ ವಿಮಾನ ನಿಲ್ದಾಣದಿಂದ ತಮ್ಮ ಹೋಟೆಲಿಗೆ ಬಿಡುತ್ತಿದ್ದ ಪುಕ್ಕಟೆ ಬಸ್ಸನ್ನು 2022ರ ಜನವರಿಯಲ್ಲಿ ನಿಲ್ಲಿಸಿದರು. 2020ರ ಸೆಪ್ಟೆಂಬರಿನಲ್ಲಿ 28,000 ಕೆಲಸಗಾರರನ್ನು ಮನೆಗೆ ಕಳಿಸುವುದಾಗಿ ಹೇಳಿದ್ದರು. ಇತ್ತ ಟಿಕೆಟ್ ಏರುತ್ತಲೇ ಇತ್ತು.

2022ರ ನವೆಂಬರಿನಲ್ಲಿ ಯಜಮಾನರೇ ಬದಲಾದರು. ಹಳೆಯ ಮುಖ್ಯಸ್ಥ ಬಾಬ್ ಐಗರ್ ವಾಪಸ್ಸು ಬಂದವರೇ ಹೋಟೆಲಿನಲ್ಲಿ ಉಳಿದವರಿಗೆ ಪಾರ್ಕಿಂಗ್ ಪುಕ್ಕಟೆ ಮಾಡಿದರು, ಅತಿ ಕಡಿಮೆ ದರದ ದಿನಗಳನ್ನು ಹೆಚ್ಚಿಸಿದರು. ಲಾಭದ ಆತುರದಲ್ಲಿ ಕೆಲವು ದರಗಳಲ್ಲಿ ಸ್ವಲ್ಪ ಜಾಸ್ತಿಯೇ ಹೋಗಿರಬಹುದು ಅಂತ 2023ರಲ್ಲಿ ಅವರೇ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಟಿಕೆಟ್ ಇಳಿಯಿತಾ? ಮೇಲಿನ 206, 224ರ ಲೆಕ್ಕ ಆ ಒಪ್ಪಿಗೆಯ ನಂತರದ್ದು! ಪಾರ್ಕುಗಳು ಸೇರಿದ ವಿಭಾಗದ ಲಾಭ 2024ರ ಲೆಕ್ಕವರ್ಷದಲ್ಲಿ 900 ಕೋಟಿ ಡಾಲರ್ ದಾಟಿತ್ತು.

ಕೀಲೆಣ್ಣೆ ಉಳಿಸಿದರೆ

ತಿಂಡಿ ಸಣ್ಣದಾದರೆ ಹೊಟ್ಟೆಗೆ ನಷ್ಟ. ಯಂತ್ರದ ಮೇಲಿನ ನಿಗಾ ಸಣ್ಣದಾದರೆ ಜೀವಕ್ಕೇ ಸಂಚಕಾರ. 1990ರ ದಶಕದ ಕೊನೆಯಲ್ಲಿ ಡಿಸ್ನಿಲ್ಯಾಂಡಿನಲ್ಲಿ ಖರ್ಚು ಕಡಿತದ ಗಾಳಿ ಬೀಸಿತ್ತು. ಬಣ್ಣ ಸುಲಿದಿದೆ, ದೀಪ ಉರಿಯುತ್ತಿಲ್ಲ ಅಂತ ಹಳೆಯ ಗಿರಾಕಿಗಳು ದೂರುತ್ತಿದ್ದರು. 1998ರ ಡಿಸೆಂಬರ್ 24ರಂದು ಅಲ್ಲಿನ ಹಾಯಿ ಹಡಗನ್ನು ದಡಕ್ಕೆ ಕಟ್ಟುವಾಗ, ಹಗ್ಗ ಸುತ್ತುವ ಲೋಹದ ಗೂಟ ಕಿತ್ತು ಹಾರಿ ಸಾಲಿನಲ್ಲಿದ್ದವರಿಗೆ ಬಡಿಯಿತು. ನೋಡಲು ಬಂದಿದ್ದ ಒಬ್ಬರು ತೀರಿಕೊಂಡರು. ಹಗ್ಗ ಕಟ್ಟಿದ ನೌಕರಳಿಗೆ ಆ ಕೆಲಸದಲ್ಲಿ ಸರಿಯಾದ ತರಬೇತಿಯೇ ಇರಲಿಲ್ಲ. ಮರುವರ್ಷ ಕ್ಯಾಲಿಫೋರ್ನಿಯಾ ಇಂಥ ಪಾರ್ಕುಗಳ ಮೇಲೆ ಸರ್ಕಾರಿ ತಪಾಸಣೆಯ ಕಾನೂನು ತಂದಿತು.

2003ರ ಸೆಪ್ಟೆಂಬರ್ 5ರಂದು ಬೆಟ್ಟದ ರೈಲಿನ ಆಟದಲ್ಲಿ ಎಂಜಿನ್ ಹಳಿ ತಪ್ಪಿ ಒಬ್ಬ ಯುವಕ ಸತ್ತ, ಹತ್ತು ಜನಕ್ಕೆ ಗಾಯ. ಸರ್ಕಾರದ ತನಿಖೆ ಬೊಟ್ಟು ಮಾಡಿದ್ದು ರಿಪೇರಿ ಕೆಲಸದ ಕಡೆಗೆ. ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ, ಅದು ಸಡಿಲವಾಗದಂತೆ ಕಟ್ಟಬೇಕಾದ ತಂತಿ ಇರಲಿಲ್ಲ. ಎತ್ತಿನ ಗಾಡಿ ಹೊಡೆಯುವವನಿಗೂ ಗೊತ್ತು, ಕೀಲೆಣ್ಣೆ ಉಳಿಸಿ ಯಾರೂ ಉದ್ಧಾರ ಆಗಿಲ್ಲ. ಆಮೇಲೆ ಬಂದ ಆಡಳಿತ 2005ರ ಐವತ್ತನೇ ವರ್ಷದ ಹಬ್ಬಕ್ಕೆ ಮುಂಚೆ ಬಣ್ಣ, ದೀಪ, ರಿಪೇರಿ ಎಲ್ಲಕ್ಕೂ ಮತ್ತೆ ದುಡ್ಡು ಸುರಿಯಬೇಕಾಯಿತು.

ಅಗ್ಗಕ್ಕೆ ಕಟ್ಟಿ ದುಬಾರಿಗೆ ಮಾರಿದ್ದು

ಡಿಸ್ನಿಲ್ಯಾಂಡಿನ ಎದುರಿಗೇ 2001ರ ಫೆಬ್ರುವರಿಯಲ್ಲಿ ಇನ್ನೊಂದು ಪಾರ್ಕು ತೆರೆದರು, ‘ಕ್ಯಾಲಿಫೋರ್ನಿಯಾ ಅಡ್ವೆಂಚರ್’ ಅಂತ. ಕೈ ಬಿಗಿ ಹಿಡಿದು ಕಟ್ಟಿದ್ದು. ಆಟ ಕಡಿಮೆ, ಅಂಗಡಿ ಹೋಟೆಲು ಜಾಸ್ತಿ. ಟಿಕೆಟ್ ಮಾತ್ರ ಎದುರುಮನೆಯಷ್ಟೇ, 43 ಡಾಲರ್. ಜನ ದಡ್ಡರಲ್ಲ. ಒಮ್ಮೆ ನೋಡಿದರು, ಮತ್ತೆ ಬರಲಿಲ್ಲ. ಕೊನೆಗೆ 2007ರಲ್ಲಿ ಅದನ್ನು ಸರಿಮಾಡಲು 110 ಕೋಟಿ ಡಾಲರ್ ಖರ್ಚು ಮಾಡುವುದಾಗಿ ಕಂಪನಿ ಹೇಳಬೇಕಾಯಿತು. 2012ರಲ್ಲಿ ಹೊಸ ಆಟಗಳು ಬಂದವು, ಅದೇ ವರ್ಷ ಜನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಾದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಬಂತು, ಆದರೆ ಆನೆಯನ್ನೇ ಕೊಡಬೇಕಾಯಿತು.

ಇನ್ನೊಂದು ಕಂಪನಿ ಸಿಕ್ಸ್ ಫ್ಲ್ಯಾಗ್ಸ್. ಅಮೆರಿಕದಲ್ಲಿ ಮಧ್ಯಮ ವರ್ಗದ ಪಾರ್ಕು. 2022ರಲ್ಲಿ ಅಲ್ಲಿನ ಹೊಸ ಆಡಳಿತ ರಿಯಾಯಿತಿ ಕಿತ್ತುಹಾಕಿ, ದರ ಏರಿಸಿ, ದುಡ್ಡಿರುವ ಗಿರಾಕಿ ಸಾಕು ಅಂತ ಹೊರಟಿತು. ಹಿಂದಿನ ವರ್ಷ 2 ಕೋಟಿ 77 ಲಕ್ಷ ಇದ್ದ ಜನ 2 ಕೋಟಿ 5 ಲಕ್ಷಕ್ಕೆ ಇಳಿದರು. ತಲೆಗೆ ಜಾಸ್ತಿ ಸಿಕ್ಕರೂ ಒಟ್ಟು ವ್ಯಾಪಾರ ಶೇಕಡ 9ರಷ್ಟು ಕುಸಿಯಿತು. ಡಿಸ್ನಿಗೆ ಹೆಸರಿನ ಬಲ ಇದೆ, ತಡೆದುಕೊಂಡಿತು. ಹೆಸರಿಲ್ಲದವರು ಅದೇ ಆಟ ಆಡಿದರೆ ಬೀದಿಗೆ ಬರುತ್ತಾರೆ.

ಬೃಂದಾವನದ ಲೆಕ್ಕ

ಈಗ ಮನೆಯ ಕಡೆ ಬರೋಣ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ ರೂಪುಗೊಂಡ ಬೃಂದಾವನದಲ್ಲಿ ಜನ ನೋಡೋದು ನೀರು, ಹೂವು, ದೀಪ. ಸಾಯಂಕಾಲ ಬಸ್ಸಿಳಿದು, ಕಾರಂಜಿ ನೋಡಿ, ಚುರುಮುರಿ ತಿಂದು, ರಾತ್ರಿ ಬಸ್ಸಿಗೆ ವಾಪಸ್ಸು. ಶಾಲೆ ಮಕ್ಕಳ ಪ್ರವಾಸ, ಹೊಸದಾಗಿ ಮದುವೆಯಾದವರು, ಹಳ್ಳಿಯಿಂದ ಬಂದ ಬೀಗರು. ಇಲ್ಲಿಗೆ ಬರೋದಕ್ಕೆ ಯಾರೂ ವರ್ಷಗಟ್ಟಲೆ ದುಡ್ಡು ಕೂಡಿಡಬೇಕಾಗಿಲ್ಲ.

ಅಲ್ಲಿ 2,663 ಕೋಟಿ ಹಾಕಿದರೆ ಏನಾಗುತ್ತೆ? ಸಾಹುಕಾರ ಪುಣ್ಯಕ್ಕೆ ದುಡ್ಡು ಹಾಕೋದಿಲ್ಲ. ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ ಅಂತ ಇಟ್ಟುಕೊಂಡರೂ 266 ಕೋಟಿ. ವರ್ಷಕ್ಕೆ 20 ಲಕ್ಷ ಜನ ಬಂದರು ಅಂತ ಧಾರಾಳವಾಗಿ ಇಟ್ಟುಕೊಳ್ಳಿ. ತಲೆಗೆ 1,330 ರೂಪಾಯಿ ಆಯಿತು. ಇದು ಬರೀ ಬಡ್ಡಿ. ಅಸಲು, ಸಂಬಳ, ಕರೆಂಟು, ರಿಪೇರಿ ಇದರಲ್ಲಿಲ್ಲ. ಹೋಟೆಲು, ಮಳಿಗೆ ಬಾಡಿಗೆಯಿಂದ ಸ್ವಲ್ಪ ಹುಟ್ಟಬಹುದು. ಆದರೆ ಮಳಿಗೆ ಬಾಡಿಗೆ ಏರಿದರೆ ಅದೂ ಕೊನೆಗೆ ಒಳಗಿನ ಕಾಫಿಯ ಬೆಲೆಯಲ್ಲೇ ಬರುತ್ತದೆ. ನಾಲ್ಕು ಜನದ ಸಂಸಾರ ಬಸ್ಸಿನಲ್ಲಿ ಬಂದು ಐದು ಸಾವಿರ ಕೊಟ್ಟು ಒಳಗೆ ಹೋದರೆ, ಹೊರಗಿನ ಚುರುಮುರಿಯವನ ಹತ್ತಿರ, ಮೀನು ಕರಿಯುವವಳ ಹತ್ತಿರ, ಬೊಂಬೆ ಮಾರುವವನ ಹತ್ತಿರ ಏನು ಕೊಂಡುಕೊಳ್ಳುತ್ತದೆ? ಜೇಬು ಗೇಟಿನಲ್ಲೇ ಖಾಲಿ. ಜನ ಬರಲಿಲ್ಲ ಅನ್ನಿ, ಆಗ ಗುತ್ತಿಗೆದಾರ ಮೊದಲು ಕತ್ತರಿ ಹಾಕೋದು ಯಾವುದಕ್ಕೆ? ಮಾಲಿಗೆ, ಕಾವಲುಗಾರನಿಗೆ, ಮೆಕ್ಯಾನಿಕ್ಕಿಗೆ. ಅನಾಹೈಮಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಟಿಕೆಟ್ ಕಡಿಮೆ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತ ಅರ್ಥ ಅಲ್ಲ. ಹೂವಿನ ಗಿಡಕ್ಕೂ ಕಾರಂಜಿ ಪಂಪಿಗೂ ದುಡ್ಡು ಬೇಕು. ನ್ಯಾಯವಾದ ದರ ಇಟ್ಟು, ಆ ದುಡ್ಡು ಅಲ್ಲೇ ಖರ್ಚಾಗಿ ಕಣ್ಣಿಗೆ ಕಂಡರೆ ಜನ ಬೇಡ ಅನ್ನೋದಿಲ್ಲ. ದರ ಮೇಲೆ ಹೋಗುತ್ತಾ ನಿಗಾ ಕೆಳಗೆ ಬಂದರೆ ಮಾತ್ರ ಅದು ಮೋಸ.

ಸಹಿ ಬೀಳುವ ಮುಂಚೆ

ಹಾಗಾಗಿ ಶಾಸಕರು, ಮಂತ್ರಿಗಳು, ನೀರಾವರಿ ನಿಗಮದವರು ಜನರಿಗೆ ನಾಲ್ಕು ಮಾತು ಹೇಳಬೇಕು. ಟಿಕೆಟ್ ದರಕ್ಕೆ ಮೇಲ್ಮಿತಿ ಇದೆಯೋ ಇಲ್ಲವೋ, ವರ್ಷ ವರ್ಷ ಏರಿಸುವ ಅಧಿಕಾರ ಯಾರ ಕೈಲಿ? ಉದ್ಯಾನ, ಕಾರಂಜಿ ಮಾತ್ರ ನೋಡುವವರಿಗೆ ಹಳೆಯ ಹಾಗೆ ಸಣ್ಣ ಟಿಕೆಟ್ ಉಳಿಯುತ್ತದೆಯೇ, ಅಥವಾ ಆಟ ಆಡದ ಅಜ್ಜಿಯೂ ಆಟದ ದುಡ್ಡು ಕೊಡಬೇಕೇ? ಯಂತ್ರಗಳ ತಪಾಸಣೆ ಮಾಡುವವರು ಯಾರು, ವರದಿಯನ್ನು ಜನರ ಮುಂದೆ ಇಡುತ್ತಾರಾ? ಈಗ ಹೊರಗೆ ವ್ಯಾಪಾರ ಮಾಡುತ್ತಿರುವವರಿಗೆ ಜಾಗ ಎಲ್ಲಿ?

ಇದಕ್ಕೆಲ್ಲ ಉತ್ತರ ಕರಾರು ಪತ್ರದಲ್ಲಿ ಇರಬೇಕು, ಭಾಷಣದಲ್ಲಿ ಅಲ್ಲ. ಕರಾರು ಇಂಗ್ಲಿಷಿನಲ್ಲೇ ಬರೆಯುತ್ತಾರೆ, ಬರೆಯಲಿ. ಸಹಿ ಹಾಕುವ ಮುಂಚೆ ಅದರ ಕನ್ನಡ ಪ್ರತಿಯನ್ನು ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಗೋಡೆಗೂ, ಕೆ.ಆರ್.ಎಸ್. ಬಸ್ ನಿಲ್ದಾಣದ ಕಂಬಕ್ಕೂ ಒಂದೊಂದು ಅಂಟಿಸಿದರೆ ಸಾಕು. ಬಸ್ಸು ಬರೋ ತನಕ ಜನ ಓದಿಕೊಳ್ಳುತ್ತಾರೆ.