ಚಿನ್ನದ ನಾಣ್ಯ: ಕೊಳ್ಳೋಕೆ ಹತ್ತು ಬಾಗಿಲು, ಮಾರೋಕೆ ಒಂದೇ ಕಿಂಡಿ

ದೀಪಾವಳಿಗೆ ಮುಂಚೆ ತಂಗಿಯ ನರ್ಸಿಂಗ್ ಕಾಲೇಜಿನ ಫೀಸ್ ಕಟ್ಟಬೇಕಿತ್ತು. ಯಳಂದೂರಿಂದ ಬಸ್ ಹತ್ತಿ ಕೊಳ್ಳೇಗಾಲಕ್ಕೆ ಹೋದಾಗ ನನ್ನ ಜೇಬಲ್ಲಿ ಎರಡು ಚಿನ್ನದ ನಾಣ್ಯ ಇದ್ದವು. ಒಂದು, ಅಕ್ಷಯ ತೃತೀಯಕ್ಕೆ ನಾನೇ ಒಡವೆ ಅಂಗಡಿಯಲ್ಲಿ ತಗೊಂಡ 4 ಗ್ರಾಂನದು. ಇನ್ನೊಂದು 8 ಗ್ರಾಂ, ಅಪ್ಪ ಕಬ್ಬಿನ ದುಡ್ಡು ಬಂದ ವರ್ಷ, 2011ರಲ್ಲಿ, ಒಂದು ಬ್ಯಾಂಕಿನಲ್ಲಿ ಕೊಂಡಿದ್ದು. ಪ್ಲಾಸ್ಟಿಕ್ ಸೀಲ್ ಕೂಡ ಒಡೆದಿರಲಿಲ್ಲ. ಆ ತಿಂಗಳು ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತ್ತು. ಟಿವಿಯವರ ಪ್ರಕಾರ ನಾನು ಜಾಣ ಹೂಡಿಕೆದಾರ.

ಮೊದಲು ಬ್ಯಾಂಕಿಗೆ ಹೋದೆ. 'ನಾವು ಮಾರಿದ್ದು ನಿಜ ಸರ್, ಆದ್ರೆ ವಾಪಸ್ ತಗೊಳ್ಳೋಹಂಗಿಲ್ಲ' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬ್ಯಾಂಕುಗಳು ತಾವೇ ಮಾರಿದ ನಾಣ್ಯವನ್ನೂ ಮರಳಿ ಕೊಳ್ಳುವಂತಿಲ್ಲ. ಅಂಗಡಿಯ ನಾಣ್ಯವನ್ನ ಅಡ ಇಡಬಹುದಾ ಅಂತ ಕೇಳಿದೆ. 'ಬ್ಯಾಂಕಿಂದು ಆದ್ರೆ ನೋಡ್ಬಹುದು, ಅಂಗಡಿದು ಆಗಲ್ಲ' ಅಂದರು.

ಆಮೇಲೆ ಅಂಗಡಿ. ಮೊದಲ ಪ್ರಶ್ನೆ 'ಬಿಲ್ ಇದ್ಯಾ?' ನನ್ನದಕ್ಕೆ ಇತ್ತು, ಅಪ್ಪನದಕ್ಕೆ ಇರಲಿಲ್ಲ. ಎರಡನೇ ಮಾತು 'ನಮ್ಮ ಅಂಗಡಿದಲ್ವಲ್ಲ.' ಮೂರನೆಯದು 'ಒಡವೆ ತಗೊಂಡ್ರೆ ಪೂರ್ತಿ ರೇಟ್ ಹಾಕ್ತೀವಿ, ದುಡ್ಡೇ ಬೇಕು ಅಂದ್ರೆ ಕಟ್ ಮಾಡ್ಬೇಕಾಗುತ್ತೆ.' ಕಟ್ ಎಷ್ಟು ಅನ್ನೋದು ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ಬೋರ್ಡಿನಲ್ಲಿ ಇದ್ದಿದ್ದು ಅವರು ಮಾರುವ ದರ ಮಾತ್ರ.

ಹೊಸದಾಗಿ ನಾಣ್ಯ ಕೊಳ್ಳೋ ನನ್ನ ವಯಸ್ಸಿನವರು ಒಂದು ಸಲ ಈ ಲೆಕ್ಕ ಹಾಕಿ ನೋಡಬೇಕು. ಗ್ರಾಂಗೆ ₹12,000 ಅಂತ ಇಟ್ಟುಕೊಳ್ಳೋಣ. 4 ಗ್ರಾಂ ಅಂದರೆ ₹48,000. ಅಂಗಡಿಯವರ ಮೇಕಿಂಗ್ ಚಾರ್ಜ್ ಶೇ 4 ಆದರೆ ₹1,920. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ, ಸುಮಾರು ₹1,498. ಕೈಯಿಂದ ಹೋಗಿದ್ದು ₹51,418. ಅದೇ ದಿನ ಅದೇ ದರಕ್ಕೆ, ಶೇ 2 ಕಳೆದು ಮಾರಿದರೆ ಸಿಗೋದು ₹47,040. ಅಂಗಡಿಯ ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ₹4,378 ಮಾಯ. ಹಾಕಿದ ದುಡ್ಡು ವಾಪಸ್ ಬರಬೇಕಾದರೇ ಚಿನ್ನದ ದರ ಶೇ 9ಕ್ಕಿಂತ ಹೆಚ್ಚು ಏರಬೇಕು. ಈ ವರ್ಷ ದರ ಹುಚ್ಚುಹುಚ್ಚಾಗಿ ಏರಿದ್ದರಿಂದ ನನಗೆ ನಷ್ಟ ಆಗಲಿಲ್ಲ. ಏರಿಕೆ ಈ ಗಾಯವನ್ನ ಮುಚ್ಚಿಬಿಡುತ್ತೆ, ಅದಕ್ಕೇ ಯಾರೂ ಮಾತಾಡಲ್ಲ. ದರ ನಿಂತ ವರ್ಷ ಮಾರಲೇಬೇಕಾಗಿ ಬಂದವರನ್ನ ಕೇಳಿ.

ಇದನ್ನ ಅಂಗಡಿಯವರ ದುರಾಸೆ ಅಂತ ಮುಗಿಸಿಬಿಡೋದು ಸುಲಭ. ನನ್ನ ತಕರಾರು ಸರ್ಕಾರದ ಜೊತೆ. ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಗಿದ್ದು 2021ರ ಜೂನ್‌ನಲ್ಲಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದೆ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಶುದ್ಧತೆ ಗೊತ್ತಾಗುತ್ತೆ. ಆದರೆ ಈ ಕಡ್ಡಾಯದಿಂದ ನಾಣ್ಯವನ್ನ ಹೊರಗಿಡಲಾಗಿದೆ. ಅಂದರೆ ಮೊದಲ ಸಲ ಉಳಿತಾಯ ಮಾಡೋ ಹುಡುಗ-ಹುಡುಗಿಯರು ಕೊಳ್ಳೋ ಚಿಕ್ಕ ವಸ್ತುವಿಗೇ ಗ್ಯಾರಂಟಿ ಕಮ್ಮಿ.

2015ರ ನವೆಂಬರ್ 5ರಂದು ಪ್ರಧಾನಿ ಮೋದಿ ಒಂದೇ ದಿನ ಮೂರು ಚಿನ್ನದ ಯೋಜನೆ ಉದ್ಘಾಟಿಸಿದರು. ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧಿ ಇರುವ 'ಇಂಡಿಯನ್ ಗೋಲ್ಡ್ ಕಾಯಿನ್' ಅದರಲ್ಲೊಂದು. ಎಂಎಂಟಿಸಿ ಮಾರುತ್ತೆ, ಮರಳಿ ಕೊಳ್ಳುತ್ತೆ ಅನ್ನೋದು ಭರವಸೆ. ಐಡಿಯಾ ಚೆನ್ನಾಗಿತ್ತು. ಯಳಂದೂರು, ಹನೂರಿನಂಥ ಊರಿಗೆ ಆ ಭರವಸೆ ಬರಲೇ ಇಲ್ಲ. ಅದೇ ದಿನದ ಇನ್ನೊಂದು ಯೋಜನೆ ಸಾವರಿನ್ ಗೋಲ್ಡ್ ಬಾಂಡ್. ಮೊದಲ ಕಂತಿನಲ್ಲಿ ಗ್ರಾಂಗೆ ₹2,684 ಕೊಟ್ಟವರಿಗೆ 2023ರ ನವೆಂಬರಿನಲ್ಲಿ ₹6,132 ಸಿಕ್ಕಿತು, ಅವಧಿ ಮುಗಿದ ಮೇಲಿನ ಲಾಭಕ್ಕೆ ತೆರಿಗೆ ಇಲ್ಲ, ಮಧ್ಯೆ ವರ್ಷಕ್ಕೆ ಶೇ 2.75 ಬಡ್ಡಿ ಬೇರೆ. ಮೇಕಿಂಗ್ ಇಲ್ಲ, ಜಿಎಸ್‌ಟಿ ಇಲ್ಲ. ನಮ್ಮ ಬೀದಿಯಲ್ಲಿ ಅದನ್ನ ಕೊಂಡವರು ಒಬ್ಬರೂ ನನಗೆ ಸಿಕ್ಕಿಲ್ಲ. ನಮಗೆ ಆ ಹೆಸರು ಗೊತ್ತಾಗೋ ಹೊತ್ತಿಗೆ ಅದೂ ನಿಂತಿತ್ತು. 2024ರ ಫೆಬ್ರವರಿಯೇ ಕೊನೆಯ ಕಂತು. ಸರ್ಕಾರಕ್ಕೆ ದುಬಾರಿ ಸಾಲ ಆಯ್ತಂತೆ.

ಇದು ಇವತ್ತಿನ ಸರ್ಕಾರದ ಕತೆ ಮಾತ್ರ ಅಲ್ಲ. ಚೀನಾ ಯುದ್ಧದ ಬೆನ್ನಿಗೆ, 1963ರಲ್ಲಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದು ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಅಂದರು. 1968ರ ಕಾಯ್ದೆಯಲ್ಲಿ ಸಾಮಾನ್ಯರು ಚಿನ್ನದ ಗಟ್ಟಿ ಇಟ್ಟುಕೊಳ್ಳೋದೇ ಅಪರಾಧ. ಅದು ರದ್ದಾಗಿದ್ದು 1990ರಲ್ಲಿ. 2013ರಲ್ಲಿ ಡಾಲರ್ ಕೊರತೆ ಬಂದಾಗ ಚಿದಂಬರಂ 'ಚಿನ್ನ ಕೊಳ್ಳಬೇಡಿ' ಅಂತ ಮನವಿ ಮಾಡಿದರು, ನಾಣ್ಯದ ಆಮದಿಗೆ ತಡೆ ಬಿತ್ತು. ಪಕ್ಷ ಯಾವುದೇ ಇರಲಿ, ದೆಹಲಿಗೆ ಚಿನ್ನ ಅಂದರೆ ಆಮದಿನ ಬಿಲ್ಲು. ನಮ್ಮವ್ವನಂಥವರಿಗೆ ಅದು ಆಸ್ಪತ್ರೆ, ಫೀಸು, ಮಳೆ ಕೈಕೊಟ್ಟ ವರ್ಷ. ಕೊಳ್ಳೋವಾಗ ತೆರಿಗೆ ವಸೂಲಿ ಮಾಡೋಕೆ ಮಾತ್ರ ಸರ್ಕಾರಕ್ಕೆ ನಾವು ಕಾಣಿಸ್ತೀವಿ, ಮಾರೋವಾಗ ಕಾಣಿಸಲ್ಲ.

ಪರ್ಯಾಯ ಅಂತ ಫೋನಲ್ಲಿ ಹತ್ತು ರೂಪಾಯಿಗೂ 'ಡಿಜಿಟಲ್ ಗೋಲ್ಡ್' ಸಿಗುತ್ತೆ. ಅದು ತನ್ನ ನಿಯಂತ್ರಣದಲ್ಲಿಲ್ಲ, ಹುಷಾರು ಅಂತ ಸೆಬಿ 2025ರ ನವೆಂಬರ್ 8ರಂದು ಎಚ್ಚರಿಸಿದೆ. ಅದಕ್ಕೂ ಶೇ 3 ಜಿಎಸ್‌ಟಿ ಇದ್ದೇ ಇದೆ. ಅಡ ಇಡೋದಕ್ಕೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿಯಮ ತಂದಿತು, ಅದರ ಜಾರಿಗೆ ಕೊಟ್ಟ ಗಡುವು 2026ರ ಏಪ್ರಿಲ್ 1. ₹2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರ ತನಕ ಕೊಡಬಹುದು. ಒಳ್ಳೆಯದೇ. ಆದರೆ ಒಡವೆಗೆ 1 ಕೆ.ಜಿ. ಮಿತಿ ಇದ್ದರೆ ನಾಣ್ಯಕ್ಕೆ 50 ಗ್ರಾಂ. ಇಲ್ಲೂ ನಾಣ್ಯ ಒಡವೆಯ ಹಿಂದೇನೇ ನಿಂತಿದೆ.

ಕೊಳ್ಳಲೇಬೇಡಿ ಅಂತ ನಾನು ಹೇಳಲ್ಲ. ಗೃಹಲಕ್ಷ್ಮಿಯ ₹2,000ಕ್ಕೆ ಇವತ್ತು ಕಾಲು ಗ್ರಾಂ ಚಿನ್ನವೂ ಬರಲ್ಲ, ಆದರೂ ಕೂಡಿಟ್ಟು ಕೊಳ್ಳೋ ಹೆಂಗಸರು ನಮ್ಮ ತಾಲೂಕಲ್ಲಿದ್ದಾರೆ, ಅವರು ದಡ್ಡರಲ್ಲ. ಕೊಳ್ಳೋರು 'ಇವತ್ತೇ ವಾಪಸ್ ಕೊಟ್ರೆ ಎಷ್ಟು ಕೊಡ್ತೀರಿ' ಅಂತ ದುಡ್ಡು ಕೊಡೋ ಮುಂಚೆ ಕೇಳಿ, ಉತ್ತರವನ್ನ ಬಿಲ್ ಮೇಲೆ ಬರೆಸಿ. ಚಿಕ್ಕ ನಾಣ್ಯಕ್ಕೆ ಗ್ರಾಂಗೆ ಮೇಕಿಂಗ್ ಜಾಸ್ತಿ ಬೀಳುತ್ತೆ, ಅದೂ ನೆನಪಿರಲಿ. ಸರ್ಕಾರವನ್ನ ಕೇಳಬೇಕಾಗಿದ್ದೂ ದೊಡ್ಡದೇನಲ್ಲ: ನಾಣ್ಯಕ್ಕೂ ಎಚ್‌ಯುಐಡಿ, ಮಾರುವ ದರದ ಪಕ್ಕದಲ್ಲೇ ಕೊಳ್ಳುವ ದರದ ಬೋರ್ಡು, ತಾಲೂಕಿಗೆ ಒಂದಾದರೂ ಸರ್ಕಾರಿ ಬ್ಯಾಂಕಿನಲ್ಲಿ ಮರಳಿ ಕೊಳ್ಳುವ ಕೌಂಟರ್. ನಮ್ಮೂರ ಪಕ್ಕ ಹರಿಯೋ ಸುವರ್ಣಾವತಿಯನ್ನ ಜನ ಹೊನ್ನುಹೊಳೆ ಅಂತಾರೆ. ಹೊನ್ನು ಮಾರೋಕೆ ಮಾತ್ರ ಪಕ್ಕದ ಊರಿಗೆ ಹೋಗಿ ಚೌಕಾಸಿ ಮಾಡಬೇಕು.

ನನ್ನ 4 ಗ್ರಾಂ ಮಾರಿ ಫೀಸ್ ಕಟ್ಟಿ ಬಂದೆ. 'ಬಳ ಮಾಡ್ಸಿದ್ರ ಕೈಲಾದ್ರೂ ಇರ್ತಿತ್ತು ಕನಾ ಮೊಗ' ಅಂದಳು ಅವ್ವ. ಅಪ್ಪನ ನಾಣ್ಯದ ಸೀಲ್ ಒಡೆಯೋಕೆ ನಾನು ಬಿಡಲಿಲ್ಲ, ಹಾಗೇ ವಾಪಸ್ ತಂದಿದ್ದೀನಿ. ಅದರ ಬಿಲ್‌ಗೋಸ್ಕರ ಅಪ್ಪ ಇನ್ನೂ ಟ್ರಂಕ್ ಹುಡುಕ್ತಾ ಇದ್ದಾರೆ.