ಹುಡಗಿ ದಾರಿ ತಪ್ಪಿಲ್ಲ, ಕ್ರಾಸಿಗೆ ನಂಬರಿಲ್ಲ

ಹೋದ ಶ್ರಾವಣದಾಗ ನಮ್ಮ ತಂಗಿ ಮಗಳು ಕಿತ್ತೂರಿಂದ ಬೈಲಹೊಂಗಲದ ನಮ್ಮ ಮನಿಗೆ ಸೈಕಲ್ ಮ್ಯಾಲೆ ಬರತೇನಿ ಅಂತ ಹಟ ಹಿಡದ್ಲು. ಡಿಗ್ರಿ ಎರಡನೇ ವರ್ಷದಾಕಿ. ಎಂಟನೇತ್ತೆ ಇದ್ದಾಗ ಸರಕಾರ ಕೊಟ್ಟ ಸೈಕಲ್ಲಿಗೆ ಹೊಸಾ ಟೈರು, ಹೊಸಾ ಬ್ರೇಕು ಹಾಕಿಸಿ ಇಟಗೊಂಡಾಳ. "ದೊಡ್ಡವ್ವ, ರೊಟ್ಟಿ ಬಡದಿಡು, ಹತ್ತಕ್ಕ ಬಂದ ಬಿಡತೇನಿ. ಮರದಿನ ಸವದತ್ತಿ ಗುಡ್ಡ, ಅದರ ಮರದಿನ ರಾಮದುರ್ಗದ ಕಾಕಾನ ಮನಿ" ಅಂದ್ಲು. ಬಾರವಾ ತಾಯಿ ಅಂದೆ.

ಹತ್ತಾತು, ಹನ್ನೊಂದಾತು. ಫೋನ್ ಹಚ್ಚಿದ್ರ ಹತ್ತವಲ್ದು. ಹನ್ನೆರಡೂವರಿಗೆ ಬಂದ್ಲು, ಮೊಣಕಾಲ ಮಟಾ ರಾಡಿ.

ಆಗಿದ್ದಿಷ್ಟು. ಒಂದ ಕ್ರಾಸಿಗೆ ಬಂದಾಳ. ಅಲ್ಲಿ ಬೋರ್ಡ್ ಐತಿ, ಆದ್ರ ಅದರ ಮ್ಯಾಲೆ ಯಾರದೋ ಹುಟ್ಟಹಬ್ಬದ ಫ್ಲೆಕ್ಸ್ ಕಟ್ಯಾರ. ಫೋನ್ ತಗದ ನೋಡಿದ್ರ ಎಡಕ್ಕ ಹೋಗು, ಮೂರ ಕಿಲೋಮೀಟರ ಉಳೀತಾವ ಅಂತ ತೋರಿಸೇತಿ. ಹೋಗ್ಯಾಳ. ಅರ್ಧ ಕಿಲೋಮೀಟರಿಗೆ ಡಾಂಬರ ಮುಗದೈತಿ, ಮುಂದ ಸೋಯಾಬೀನ್ ಹೊಲದ ನಡಕ ಚಕ್ಕಡಿ ದಾರಿ. ರಾತ್ರಿ ಮಳಿ ಆಗಿತ್ತು. ಎರಿ ಮಣ್ಣಿನ ಗುಣಾ ನಮಗ್ಯಾರೂ ಹೇಳಬೇಕಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡಕ ತುಂಬಿ ಗಾಲಿ ತಿರಗೂದ ನಿಂತ ಬಿಡತೈತಿ. ಕಡ್ಡೀಲೆ ಮಣ್ಣ ಕೆತಗೋತ, ಸೈಕಲ್ ಎಳಕೋತ ಹೊಳ್ಳಿ ಡಾಂಬರಿಗೆ ಬರೂದ್ರಾಗ ಫೋನಿನ ಚಾರ್ಜೂ ಮುಗದೈತಿ.

ನನಗ ಸಿಟ್ಟ ಬಂದಿದ್ದು ಇದಕ್ಕಲ್ಲ. ಕೈಕಾಲ ತೊಳಕೊಂಡ ಊಟಕ್ಕ ಕುಂತಾಗ ಮನ್ಯಾಗಿನ ಹಿರೇರೊಬ್ಬರು, "ದಾರಿ ತಪ್ಪಿದ ಹುಡಗಿ ಅಂತೂ ಮನಿ ಮುಟ್ಟಿದ್ಲಪಾ" ಅಂದ್ರು. ಎಲ್ಲಾರೂ ನಕ್ಕರು, ಅಕಿ ನಗಲಿಲ್ಲ. ಸಂಜೀಕ ಅವರಪ್ಪ ಫೋನ್ ಮಾಡಿ, ಸೈಕಲ್ ಟೆಂಪೋದಾಗ ಹಾಕಿ ಕಳಸ್ರಿ, ಅಕಿ ಬಸ್ಸಿಗೆ ಬರಲಿ ಅಂದ್ರು. ಸವದತ್ತಿನೂ ಹೋತು, ರಾಮದುರ್ಗನೂ ಹೋತು.

ನಮ್ಮ ಮಾತಿನ್ಯಾಗ 'ದಾರಿ ತಪ್ಪಿದಾಕಿ' ಅಂದ್ರ ಏನರ್ಥ ಅನ್ನೂದು ನಿಮಗೂ ಗೊತ್ತೈತಿ. ಅದ ಕ್ರಾಸಿನ್ಯಾಗ ಗಂಡ ಹುಡುಗ ತಪ್ಪಿಸಿಕೊಂಡಿದ್ರ ಅದೊಂದ ನಗೂ ಕತಿ ಆಗತಿತ್ತು. ಇಕಿದು ತಿರಗಾಟಾನ ಬಂದ್ ಆತು. ಬೋರ್ಡಿನ ತಪ್ಪ ಹುಡಗಿ ತಲಿಗೆ ಬಂತು. ಅದಕ್ಕ ಇವತ್ತ ಬರ್ಯಾಕ ಕುಂತೇನಿ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಇವೇನ ದೂರ ದೇಶ ಅಲ್ಲ. ನಕಾಶಿ ಮ್ಯಾಲೆ ನೆಟ್ಟಗ ಗೆರಿ ಎಳದ್ರ ಒಂದ ಊರಿಂದ ಮುಂದಿನ ಊರಿಗೆ 30 ಕಿಲೋಮೀಟರಿನ ಒಳಗ. ರಸ್ತೆದ ಸುತ್ತ ಹಿಡದ್ರೂ ಸೈಕಲ್ಲಿಗೆ ಒಂದೊಂದು ಒಂದ ಮುಂಜಾನಿ ದಾರಿ. 1824ರಾಗ ಚೆನ್ನಮ್ಮ ಗೆದ್ದ ಕ್ವಾಟಿ ಒಂದ ತುದಿಗೆ. ಅಕಿ ಸೆರಿ ಇದ್ದು 1829ರಾಗ ಕಣ್ಣ ಮುಚ್ಚಿದ ಬೈಲಹೊಂಗಲ ಮುಂದ. ಆಮ್ಯಾಲೆ ಎಲ್ಲಮ್ಮನ ಗುಡ್ಡ, ನವಿಲುತೀರ್ಥದ ಡ್ಯಾಮು, ಮಲಪ್ರಭಾ ದಂಡಿ ಹಿಡದ ಮುನವಳ್ಳಿ, ರಾಮದುರ್ಗ. ಬ್ಯಾರೆ ದೇಶದಾಗಿದ್ರ ಇದಕ್ಕೊಂದ ಹೆಸರಿಟ್ಟ ಜನಾನ್ನ ಕರೀತಿದ್ರು. ನಮ್ಮಲ್ಲಿ ಮನಿ ಹುಡಗಿನ ಮನಿ ಮುಟ್ಟವಲ್ಲಳು.

"ಫೋನ್ ಐತೆಲ್ಲ, ಬೋರ್ಡ್ ಯಾಕ ಬೇಕು?" ಅಂತೀರಿ. ಫೋನ್ ಕೆಟ್ಟದ್ದಂತ ನಾ ಅನ್ನೂದಿಲ್ಲ. ಆದ್ರ ಫೋನಿಗೆ ರಸ್ತಾ ಅಂದ್ರ ಒಂದ ಗೆರಿ ಅಷ್ಟ. ಆ ಗೆರಿ ಎರಿ ಮ್ಯಾಲೆ ಐತೋ ಮಸಾರಿ ಮ್ಯಾಲೆ ಐತೋ, ನಿನ್ನೆ ಮಳಿ ಆಗೇತೋ ಇಲ್ಲೋ, ಅದಕ್ಕ ತಿಳೀದು. ಬ್ಯಾಸಗಿ ಚೊಲೋ ದಾರಿ ಶ್ರಾವಣದಾಗ ಕೆಸರಗುಂಡಿ ಆಗತೈತಿ. 2019ರ ಆಗಸ್ಟಿನ್ಯಾಗ ನವಿಲುತೀರ್ಥದ ನೀರ ಬಿಟ್ಟಾಗ ಮುನವಳ್ಳಿ, ರಾಮದುರ್ಗದ ಹೊಳಿ ದಂಡಿಗೆ ಏನಾತು ಅನ್ನೂದು ಮರತಿಲ್ಲ. ಯಾವ ಪೂಲಿನ ಮ್ಯಾಲೆ ಮೊದಲ ನೀರ ಹತ್ತತೈತಿ ಅನ್ನೂದು ಆ ಊರವರಿಗೆ ಗೊತ್ತು, ಆ ಊರವರ ನೆಟ್ಟ ಬೋರ್ಡಿಗೆ ಗೊತ್ತಿರಬೇಕು. ಇನ್ನೊಂದು, ಫೋನ್ ಒಬ್ಬರ ಕಿಸೆದಾಗಿನ ಸಾಮಾನು. ಬೋರ್ಡ್ ಎಲ್ಲಾರದು. ಚಾರ್ಜ್ ಬ್ಯಾಡ, ರೇಂಜ್ ಬ್ಯಾಡ, ರೊಕ್ಕಾನೂ ಬ್ಯಾಡ.

"ಬಾಯಿ ಐತಿ, ಕೇಳಬೇಕಪಾ" ಅಂತ ಇನ್ನೊಬ್ಬರು. ಕೇಳೂದು ಗಂಡಸರಿಗೆ ಸರಳ. ಪಾನ್ ಅಂಗಡಿ ಮುಂದ ಹತ್ತ ಮಂದಿ ಕುಂತಲ್ಲೆ ಒಬ್ಬಾಕಿ ಹುಡಗಿ ಸೈಕಲ್ ನಿಂದರಿಸಿದ್ರ, ದಾರಿ ಹೇಳೂದ್ಕಿಂತ ಮೊದಲ ಪ್ರಶ್ನೆ ಸುರು: ಯಾವೂರು? ಯಾರ ಮಗಳು? ಒಬ್ಬಾಕಿನ ಹೊಂಟೀಯೇನು? ಅವರ ಮನಸ್ಸಿನ್ಯಾಗ ಕೆಟ್ಟದ್ದಿರಲಿಕ್ಕಿಲ್ಲ. ಆದ್ರೂ ಪ್ರತಿ ಕ್ರಾಸಿಗೂ ತನ್ನ ಕುಲಾ ಗೋತ್ರಾ ಹೇಳಕೋತ ಹೋಗಬೇಕಂದ್ರ ಯಾವ ಹುಡಗಿ ಹೊರಗ ಬಿದ್ದಾಳು?

ಇನ್ನ ಇದ್ದ ಗುರತರ ಹೆಂಗದಾವ ನೋಡ್ರಿ. ಕಿಲೋಮೀಟರ ಕಲ್ಲಿನ ತಲಿ ಬಣ್ಣ ಒಂದ ಲೆಕ್ಕದಾಗ ಇರತೈತಿ. ಹಳದಿ ಇದ್ರ ರಾಷ್ಟ್ರೀಯ ಹೆದ್ದಾರಿ, ಹಸರ ಇದ್ರ ರಾಜ್ಯ ಹೆದ್ದಾರಿ, ಕೇಸರಿ ಇದ್ರ ಹಳ್ಳಿ ರಸ್ತಾ. ಇದನ್ನ ಯಾವ ಸಾಲ್ಯಾಗ ಕಲಸ್ಯಾರ? ಕಿತ್ತೂರ ಬಾಜೂಕಿನ ಹೆದ್ದಾರಿಗೆ ಮೊದಲ 4 ಅಂತಿದ್ರು, 2010ರಾಗ ನಂಬರ ಬದಲ ಮಾಡಿದ ಮ್ಯಾಲೆ 48 ಆತು. ಮಂದಿ ಮಾತ್ರ ಇನ್ನೂ ಪಿ.ಬಿ. ರೋಡ್ ಅಂತಾರ. ಅಲ್ಲಿ ಕಾರಿನವರಿಗೆ ಆಳೆತ್ತರದ ಹಸರ ಬೋರ್ಡ್ ಅದಾವ. ಒಳಗಿನ ರಸ್ತಾಕ್ಕ ಹೊಳ್ಳಿದ್ರ ಮುಗೀತು. ಬಣ್ಣ ಹಾರಿದ ಬೋರ್ಡಿನ ಮ್ಯಾಲೆ ಊರ ಹೆಸರು, ಅದರ ಮುಂದ ಬಿ.ಕೆ. ಇಲ್ಲಾ ಕೆ.ಎಚ್. ಬುದ್ರುಕ ಅಂದ್ರ ದೊಡ್ಡದು, ಖುರ್ದ ಅಂದ್ರ ಸಣ್ಣದು ಅಂತ ಮುಂಬೈ ಸರಕಾರದ ಕಾಲದವರಿಗೆ ಗೊತ್ತಿತ್ತು. ಈಗಿನ ಹುಡಗರು ಒಂದ ಹೆಸರಿನ ಎರಡ ಊರಿನ್ಯಾಗ ತಪ್ಪ ಊರ ಒತ್ತತಾರ, ಫೋನ್ ಆ ತಪ್ಪ ಊರಿಗೆ ಭಾಳ ಶಿಸ್ತಲೆ ಕರಕೊಂಡ ಹೋಗತೈತಿ.

ಇದಕ್ಕ ದಾರಿ ಇಲ್ಲಂತಲ್ಲ. ಬೆಲ್ಜಿಯಂ ದೇಶದಾಗ ಲಿಂಬರ್ಗ್ ಅಂತೊಂದ ಸೀಮಿ ಐತಿ, ಕಲ್ಲಿದ್ದಲ ಗಣಿ ಇದ್ದ ಸೀಮಿ. ಅಲ್ಲಿಯ ಗಣಿ ಎಂಜಿನಿಯರ ಹ್ಯೂಗೋ ಬೊಲೆನ್ ಅನ್ನಾವರು ಗಣಿ ಒಳಗಿನ ಲೆಕ್ಕಾ ಸೈಕಲ್ ದಾರಿಗೆ ತಂದ್ರು. ನೆಲದಡಿ ಕತ್ತಲದಾಗ ಸುರಂಗ ಕೂಡೂ ಜಾಗಾಕ್ಕ ನಂಬರ ಇದ್ರ ಮನಷ್ಯಾ ತಪ್ಪಂಗಿಲ್ಲ. ಹಂಗ ಮ್ಯಾಲಿನ ಕ್ರಾಸಿಗೂ ಒಂದೊಂದ ನಂಬರ. 1995ರಾಗ ಸುರು ಆತು, ಆಮ್ಯಾಲೆ ನೆದರ್ಲ್ಯಾಂಡ್ಸ್ ತುಂಬ ಹಬ್ಬೇತಿ. ಪ್ರತಿ ಕ್ರಾಸಿನ್ಯಾಗ ಆ ಕ್ರಾಸಿನ ನಂಬರ, ಮುಂದಿನ ಕ್ರಾಸಿನ ನಂಬರಿಗೆ ಒಂದ ಬಾಣ. ಮನಿ ಬಿಡೂ ಮುಂದ 12, 15, 43 ಅಂತ ಚೀಟ್ಯಾಗ ಬರಕೊಂಡ್ರ ಆತು. ಅಲ್ಲಿಯ ಭಾಷಾ ಬರದ ಪರದೇಶದಾವನೂ ಮುಟ್ಟತಾನ.

ನಮಗ ಇದು ಅವರಿಗಿಂತ ಹೆಚ್ಚ ಬೇಕು. ಭರತ ಹುಣ್ಣಿವಿಗೆ ಗುಡ್ಡಕ್ಕ ಕೊಲ್ಲಾಪುರ, ಸಾಂಗಲಿ ಕಡೆ ಮಂದಿ ಬರತಾರ. ಅವರಿಗೆ ಕನ್ನಡ ಬೋರ್ಡ್ ಓದಾಕ ಬರೂದಿಲ್ಲ. ನಡಕೊಂಡ ಬರೂ ನಮ್ಮ ಮುದಕೇರಿಗೆ ಯಾವ ಅಕ್ಷರಾನೂ ಬರೂದಿಲ್ಲ. ಆದ್ರ ನೋಟಿನ ಮ್ಯಾಲಿನ ಅಂಕಿ ಓದದಾಕಿ ಯಾರದಾಳ ಹೇಳ್ರಿ? ಕಿತ್ತೂರ ಕ್ವಾಟಿ ಮುಂದ 1 ಅಂತ ಸುರು ಮಾಡ್ರಿ, ರಾಮದುರ್ಗದ ಮಟಾ ಹಾಕೋತ ಹೋಗ್ರಿ. ಹೊಸಾ ಕಂಬಾ ಬ್ಯಾಡ. ಇದ್ದ ಕಲ್ಲಿಗೆ, ಪೂಲಿನ ಕಟ್ಟಿಗೆ ಬಣ್ಣಾ ಹಚ್ಚಿ ಅಂಕಿ ಬರದ್ರ ಸಾಕು. ಮಳಿಗಾಲಕ್ಕ ಬ್ಯಾಡಾದ ದಾರಿ ಇದ್ರ ಅಂಕಿ ಕೆಳಗ ಒಂದ ಕೆಂಪ ಗೆರಿ. ಬಸ್‌ಸ್ಟ್ಯಾಂಡಿನ ಗ್ವಾಡಿಗೆ ಒಂದ ನಕಾಶಿ. ಅವತ್ತ ನಮ್ಮ ಹುಡಗಿ ಚಾರ್ಜ್ ಹೋಗೂದ್ಕಿಂತ ಮೊದಲ "ದೊಡ್ಡವ್ವ, 9ರ ಕ್ರಾಸಿನ್ಯಾಗ ಅದೀನಿ" ಅಂದಿದ್ರ, ನಾ ಹತ್ತ ಮಿನಿಟಿನ್ಯಾಗ ಯಾರನ್ನರ ಕಳಸತಿದ್ದೆ. ಈಗ ಅಕಿ ಏನಂತ ಹೇಳಬೇಕಿತ್ತು? ಬೇವಿನ ಗಿಡದ ಹತ್ರ ಅದೀನಿ ಅಂತೇನು?

"ಈಗ ಸೈಕಲ್ ಯಾರ ಹೊಡೀತಾರ?" ಅನ್ನಾವರು ಮುಂಜಾನೆ ಆರಕ್ಕ ಎದ್ದ ರಸ್ತಾಕ್ಕ ಬರ್ರಿ. ಹಾಲಿನವರು, ಕೂಲಿಗೆ ಹೋಗಾವರು, ಸಾಲಿ ಹುಡಗರು ಕಾಣತಾರ. ಸರಕಾರ 2006-07ರಿಂದ ಎಷ್ಟೋ ವರ್ಷ ಎಂಟನೇತ್ತೆ ಮಕ್ಕಳಿಗೆ ಸೈಕಲ್ ಹಂಚಿತು. ಸೈಕಲ್ ಕೊಟ್ಟವರು ಆ ಸೈಕಲ್ ಸಾಲಿ ದಾಟಿ ಮುಂದ ಎಲ್ಲಿಗೆ ಹೋದೀತು ಅಂತ ವಿಚಾರ ಮಾಡಲಿಲ್ಲ. "ರೊಕ್ಕಾ ಎಲ್ಲೈತಿ?" ಅಂದ್ರ, ಫ್ಲೆಕ್ಸಿಗೆ ಎಲ್ಲಿಂದ ಬರತೈತಿ ಅಂತ ನಾ ಕೇಳತೇನಿ.

ಅಲ್ಲೀ ಮಟಾ ನಾವ ಮನ್ಯಾಗ ಮಾಡೂದೂ ಐತಿ. ಹೊಂಡೂ ಹಿಂದಿನ ರಾತ್ರಿ ಫೋನಿನ್ಯಾಗ ನಕಾಶಿ ಇಳಿಸಿ ಇಟಗೊಳ್ರಿ, ರೇಂಜ್ ಇಲ್ಲದಾಗೂ ತೆರೀತೈತಿ. ಅದನ್ನ ನೋಡಿ ಹಾಳ್ಯಾಗ ಕ್ರಾಸಿನ ಹೆಸರು, ಎಡಾ ಬಲಾ, ನಡಕಿನ ಕಿಲೋಮೀಟರ ಬರದ ಹ್ಯಾಂಡಲ್ಲಿಗೆ ಕಟ್ರಿ. ಮಳಿಗಾಲದಾಗ ಎಷ್ಟ ಉಳೀತೈತಿ ಅಂದ್ರೂ ಡಾಂಬರ ಬಿಡಬ್ಯಾಡ್ರಿ. ಮುಂದಿನ ಗ್ರಾಮಸಭಾದಾಗ ಗಟಾರದ ಮಾತ ಮುಗದ ಮ್ಯಾಲೆ ಕ್ರಾಸಿನ ಬೋರ್ಡಿನ ಮಾತನೂ ತಗೀರಿ, ಹೆಣ್ಣಮಕ್ಕಳ ತಗೀರಿ.

ಕಡೀ ಮಾತ ನಮ್ಮ ಮನ್ಯಾಗಿನ ಹಿರೇರಿಗೆ. ಮಾವನ್ನಾರ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಬರೂ ಭರತ ಹುಣ್ಣಿವಿ ಮುಂದ ಎರಿ ಒಣಗಿರತೈತಿ, ಹುಡಗಿ ಮತ್ತ ಬರತಾಳ. ಅವರಪ್ಪನ ಹತ್ರ ನಾನ ಮಾತಾಡೇನಿ. ಚೀಟಿ ಬರದಿಟ್ಟೇನಿ, ಕ್ವಾಟಿಂದ ಗುಡ್ಡದ ಮಟಾ ಎಲ್ಲಾ ಕ್ರಾಸಿಗೂ ನನ್ನ ಲೆಕ್ಕದ ನಂಬರ ಹಾಕಿ. ಅದರದ ಒಂದ ಪ್ರತಿ ನಿಮ್ಮ ಕಡೆ ಇರತೈತಿ. ಅಕಿ ಫೋನ್ ಮಾಡಿ ನಂಬರ ಹೇಳಿದ್ರ, ಎಲ್ಲಿ ಅದಾಳ ಅಂತ ನೋಡಿ ಹೇಳೂ ಕೆಲಸ ನಿಮ್ಮದು.