ಬ್ಯಾಟರಿ ಸೋತರೆ ಲ್ಯಾಪ್‌ಟಾಪ್ ಗುಜರಿಗೇಕೆ?

ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ ಎಂಬ ದೂರು ಹೊತ್ತು ಸೇವಾ ಕೇಂದ್ರದ ಮೆಟ್ಟಿಲೇರುವ ಗ್ರಾಹಕರಿಗೆ ಅನೇಕ ಬಾರಿ ಸಿಗುವ ಉತ್ತರ ಒಂದೇ: ಈ ಮಾದರಿಯ ಬ್ಯಾಟರಿ ಈಗ ಬರುತ್ತಿಲ್ಲ, ತರಿಸಿದರೂ ದುಬಾರಿ, ಅದರ ಬದಲು ಹೊಸ ಯಂತ್ರವನ್ನೇ ಕೊಳ್ಳುವುದು ಲೇಸು. ಪರದೆ, ಕೀಲಿಮಣೆ, ಪ್ರೊಸೆಸರ್ ಎಲ್ಲವೂ ಸುಸ್ಥಿತಿಯಲ್ಲಿದ್ದು ಇನ್ನೂ ಮೂರು ನಾಲ್ಕು ವರ್ಷ ದುಡಿಯಬಲ್ಲ ಯಂತ್ರ ಹೀಗೆ ಕೆಲವು ಸಾವಿರ ರೂಪಾಯಿಗಳ ಒಂದು ಬಿಡಿಭಾಗದ ನೆಪದಲ್ಲಿ ಮೂಲೆ ಸೇರುತ್ತದೆ. ಮಧ್ಯಮ ವರ್ಗದ ಕುಟುಂಬವೊಂದು ಮಗನ ಅಥವಾ ಮಗಳ ಓದಿಗೆಂದು ಕಂತು ಕಟ್ಟಿ ಕೊಂಡ ವಸ್ತು ಅದು. ವಿದ್ಯುತ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದ ಊರುಗಳಲ್ಲಂತೂ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಇದ್ದೂ ಇಲ್ಲದಂತೆ. ಬ್ಯಾಟರಿಯನ್ನು ಬದಲಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂದು ಕಾನೂನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಬ್ಯಾಟರಿ ಸವೆಯುವುದು ದೋಷವಲ್ಲ, ಅದರ ಸ್ವಭಾವ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, 2019ರ ರಸಾಯನಶಾಸ್ತ್ರ ನೊಬೆಲ್‌ಗೆ ವಿಷಯವಾದ ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜ್‌ನಲ್ಲೂ ತನ್ನ ಶಕ್ತಿಯ ಒಂದು ಕಿಂಚಿತ್ ಅಂಶವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಸಾಧಾರಣ ದರ್ಜೆಯವು 300ರಿಂದ 500 ಬಾರಿ, ಉತ್ತಮ ದರ್ಜೆಯವು ಸುಮಾರು 1000 ಬಾರಿ ಪೂರ್ಣ ತುಂಬಿ ಬರಿದಾಗುವ ಹೊತ್ತಿಗೆ ಮೂಲ ಸಾಮರ್ಥ್ಯದ ಶೇ 80ಕ್ಕೆ ಇಳಿಯುತ್ತವೆ. ಸದಾ ಶೇ 100ರಲ್ಲಿ ಇಟ್ಟರೆ, ಬಿಸಿ ತಾಗಿದರೆ ಈ ಸವೆತ ಇನ್ನೂ ಬೇಗ. ಇದನ್ನು ಬಲ್ಲ ಕಂಪನಿಗಳೇ ಯಂತ್ರಕ್ಕೆ ಮೂರು ವರ್ಷದ ವಾರಂಟಿ ಕೊಟ್ಟಾಗಲೂ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ ಕೊಡುತ್ತವೆ. ಟೈರ್ ಸವೆದ ಮಾತ್ರಕ್ಕೆ ಸ್ಕೂಟರನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಲ್ಯಾಪ್‌ಟಾಪ್ ವಿಷಯದಲ್ಲಿ ಮಾತ್ರ ಅದೇ ನಡೆಯುತ್ತಿದೆ.

ಹಿಂದೆ ಹೀಗಿರಲಿಲ್ಲ. 2000ದ ದಶಕದ ಬಹುತೇಕ ಲ್ಯಾಪ್‌ಟಾಪ್‌ಗಳ ತಳದಲ್ಲಿ ಎರಡು ಚಿಲಕಗಳಿರುತ್ತಿದ್ದವು. ಸರಿಸಿದರೆ ಟಾರ್ಚಿನ ಸೆಲ್ಲಿನಷ್ಟೇ ಸಲೀಸಾಗಿ ಬ್ಯಾಟರಿ ಕೈಗೆ ಬರುತ್ತಿತ್ತು. ತೆಳುವಾಗಬೇಕು, ಹಗುರಾಗಬೇಕು ಎಂಬ ಪೈಪೋಟಿಯಲ್ಲಿ ಬ್ಯಾಟರಿ ಒಳಗೆ ಸೇರಿಕೊಂಡಿತು. 2012ರಲ್ಲಿ ಬಂದ ಆ್ಯಪಲ್‌ನ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಅದನ್ನು ಅಂಟು ಹಾಕಿ ಕೂರಿಸಲಾಗಿತ್ತು. ತೆಳು ಯಂತ್ರ ಬೇಕೆಂದು ಕೇಳಿದವರು ಗ್ರಾಹಕರೇ ಅಲ್ಲವೇ ಎಂಬ ಕಂಪನಿಗಳ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ತೆಳುವಾದ ಎಷ್ಟೋ ಮಾದರಿಗಳಲ್ಲಿ ಇಂದಿಗೂ ತಳದ ಹೊದಿಕೆಯ ಸ್ಕ್ರೂಗಳನ್ನು ಬಿಚ್ಚಿ, ಒಂದು ಕನೆಕ್ಟರ್ ಕಿತ್ತು, ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಬಹುದು. ಅರ್ಧ ಗಂಟೆಯ ಕೆಲಸ. ತೆಳುತನಕ್ಕೆ ಅಂಟು ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಚಾರ್ಜ್ ಆಗದ ಪ್ರತಿ ಯಂತ್ರದಲ್ಲೂ ಬ್ಯಾಟರಿಯೇ ಸತ್ತಿರುವುದಿಲ್ಲ ಎಂಬುದನ್ನೂ ಗ್ರಾಹಕರು ಅರಿಯಬೇಕು. ಗೋಡೆಯ ಸಾಕೆಟ್, ಅಡಾಪ್ಟರ್‌ಗೆ ಸಿಕ್ಕಿಸುವ ತಂತಿ, ಅಡಾಪ್ಟರ್, ಲ್ಯಾಪ್‌ಟಾಪಿನ ಪಿನ್ನಿನ ರಂಧ್ರ ಇವುಗಳಲ್ಲಿ ಯಾವುದು ಕೆಟ್ಟರೂ ಲಕ್ಷಣ ಒಂದೇ. ಅದೇ ಮಾದರಿಯ ಇನ್ನೊಂದು ಅಡಾಪ್ಟರ್ ಹಾಕಿ ನೋಡಿದರೆ ಅರ್ಧ ಸಂಶಯ ಕಳೆಯುತ್ತದೆ. 65 ವಾಟ್ ಬೇಡುವ ಯಂತ್ರಕ್ಕೆ ಟೈಪ್-ಸಿ ಇದೆಯೆಂದು ಮೊಬೈಲಿನ 20 ವಾಟ್ ಚಾರ್ಜರ್ ಸಿಕ್ಕಿಸಿದರೆ ಚಾರ್ಜ್ ಏರದಿರುವುದು ಸಹಜ. ಕೆಲವು ಕಂಪನಿಗಳ ಯಂತ್ರಗಳಂತೂ ಪಿನ್ನಿನ ನಡುವಿನ ಸಣ್ಣ ಕಡ್ಡಿಯ ಮೂಲಕ ಅಡಾಪ್ಟರ್ ತಮ್ಮದೇ ಹೌದೇ ಎಂದು ವಿಚಾರಿಸಿಕೊಳ್ಳುತ್ತವೆ. ಆ ಕಡ್ಡಿ ಬಾಗಿದರೆ ಯಂತ್ರ ನಡೆಯುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಚಾರ್ಜ್ ಶೇ 80ಕ್ಕೇ ನಿಂತರೆ ಅನೇಕರು ಗಾಬರಿಯಾಗುತ್ತಾರೆ. ಅದು ಬ್ಯಾಟರಿಯ ಆಯಸ್ಸು ಉಳಿಸಲು ತಯಾರಕರೇ ಇಟ್ಟ ಮಿತಿಯಿರಬಹುದು, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಅಡಾಪ್ಟರ್ ಕಿತ್ತು, ಯಂತ್ರವನ್ನು ಪೂರ್ತಿ ಆರಿಸಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಸಿಕ್ಕಿಸಿದರೆ ಸರಿಹೋಗುವ ಪ್ರಕರಣಗಳೂ ಉಂಟು.

ಬ್ಯಾಟರಿಯ ನಿಜ ಸ್ಥಿತಿ ತಿಳಿಯಲು ಯಾರ ಬಳಿಗೂ ಹೋಗಬೇಕಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆದೇಶಕ್ಕೆ ‘ಬ್ಯಾಟರಿರಿಪೋರ್ಟ್’ ಆಯ್ಕೆಯನ್ನು ಸೇರಿಸಿದರೆ, ಕಾರ್ಖಾನೆಯಿಂದ ಬಂದಾಗಿನ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದೆಷ್ಟು ಎಂಬ ಲೆಕ್ಕ ಕಣ್ಮುಂದೆ ಬರುತ್ತದೆ. ಎರಡನೆಯ ಅಂಕಿ ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವುದೇ ಸರಿ. ಈ ಕಾಗದ ಕೈಯಲ್ಲಿದ್ದರೆ ‘ಮದರ್‌ಬೋರ್ಡ್ ಹೋಗಿದೆ’ ಎಂಬ ಅವಸರದ ತೀರ್ಪಿಗೆ ಎದುರು ಪ್ರಶ್ನೆ ಹಾಕಬಹುದು. ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಮಾತ್ರ ಪರೀಕ್ಷೆಯ ಗೋಜಿಗೆ ಹೋಗದೆ ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಬೇಕು. ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದೇ ಅರ್ಥ. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಯೊಡನೆ ಸರಸ.

ಅಧಿಕೃತ ಬ್ಯಾಟರಿ ಸಿಗದಾಗ ಜನ ಎಲ್ಲಿಗೆ ಹೋಗುತ್ತಾರೆ? ಬೆಂಗಳೂರಿನವರು ಎಸ್‌.ಪಿ. ರಸ್ತೆಗೆ. ಅಲ್ಲಿನ ರಿಪೇರಿಗಾರರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಸೇವಾ ಕೇಂದ್ರ ಕೈಬಿಟ್ಟ ಎಷ್ಟೋ ಯಂತ್ರಗಳಿಗೆ ಜೀವ ಕೊಟ್ಟವರು ಅವರು. ಆದರೆ ಅವರ ಕೈಗೆ ಬರುವ ‘ಕಂಪ್ಯಾಟಿಬಲ್’ ಬ್ಯಾಟರಿಯ ಗುಣಮಟ್ಟಕ್ಕೆ ಅವರೂ ಹೊಣೆ ಹೊರಲಾರರು. ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಗುರುತು ಮತ್ತು ನೋಂದಣಿ ಸಂಖ್ಯೆ ಇರಬೇಕೆಂಬ ನಿಯಮವಿದೆ. ಅದನ್ನೂ, ಹಳೆಯ ಬ್ಯಾಟರಿಯ ಮಾದರಿ ಸಂಖ್ಯೆ ಮತ್ತು ವೋಲ್ಟೇಜನ್ನೂ ತಾಳೆ ನೋಡದೆ ಹಣ ಕೊಡಬಾರದು. ಹೆಸರುವಾಸಿ ಕಂಪನಿಗಳೂ ಎಡವುತ್ತವೆ ಎಂಬುದಕ್ಕೆ 2006ರ ಆಗಸ್ಟ್ ನೆನಪಾಗಬೇಕು: ಸೋನಿ ತಯಾರಿಸಿದ ಸೆಲ್‌ಗಳು ಹೊತ್ತಿಕೊಳ್ಳುವ ಅಪಾಯವಿದ್ದುದರಿಂದ ಡೆಲ್ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಂದು ಬಳಕೆದಾರರು ಮನೆಯಲ್ಲೇ ಬ್ಯಾಟರಿ ಕಳಚಬಹುದಾಗಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಐರೋಪ್ಯ ಒಕ್ಕೂಟ ಈ ವಿಷಯದಲ್ಲಿ ಮಾತಿನಲ್ಲೇ ಕಾಲ ಕಳೆದಿಲ್ಲ. 2023ರಲ್ಲಿ ಅದು ರೂಪಿಸಿದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿ 18ರಿಂದ ಮಾರುಕಟ್ಟೆಗೆ ಬರುವ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳ ಹೊರತು, ಬಳಕೆದಾರನೇ ಅಂಗಡಿಯಲ್ಲಿ ಸಿಗುವ ಸಲಕರಣೆಗಳಿಂದ ತೆಗೆದು ಬದಲಿಸುವಂತಿರಬೇಕು. ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಐದು ವರ್ಷ ಬದಲಿ ಬ್ಯಾಟರಿ ನ್ಯಾಯವಾದ ಬೆಲೆಗೆ ದೊರೆಯಬೇಕು. ಸಾಫ್ಟ್‌ವೇರ್ ಮೂಲಕ ಅಡ್ಡಗಾಲು ಹಾಕುವುದಕ್ಕೂ ಅಲ್ಲಿ ತಡೆಯಿದೆ. ಫ್ರಾನ್ಸ್ 2021ರ ಜನವರಿಯಲ್ಲಿ ‘ದುರಸ್ತಿ ಸೂಚ್ಯಂಕ’ ಕಡ್ಡಾಯ ಮಾಡಿದಾಗ ಮೊದಲ ಪಟ್ಟಿಯಲ್ಲೇ ಲ್ಯಾಪ್‌ಟಾಪ್ ಇತ್ತು.

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ದುರಸ್ತಿ ಸೂಚ್ಯಂಕಕ್ಕಾಗಿ ನೇಮಿಸಿದ ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಆದರೆ ಅದು ಶಿಫಾರಸು ಮಾಡಿದ ಮೊದಲ ಹಂತದಲ್ಲಿ ಇರುವುದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್ ಮಾತ್ರ. ಫೋನಿಗಿಂತ ಹೆಚ್ಚು ಬೆಲೆಯ, ಹೆಚ್ಚು ಕಾಲ ಬಾಳಬೇಕಾದ ಲ್ಯಾಪ್‌ಟಾಪ್ ಸರದಿಯಲ್ಲಿ ಹಿಂದೆ ನಿಂತಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಸತ್ತದ್ದನ್ನು ಹಿಂಪಡೆಯುವ ಹೊಣೆ ಹೊರಿಸಿದ ಸರ್ಕಾರ, ಬದಲಿಯನ್ನು ಒದಗಿಸುವ ಹೊಣೆಯನ್ನೂ ಹೊರಿಸಬಹುದಿತ್ತು.

ದೆಹಲಿಯ ನಿರ್ಧಾರಕ್ಕೆ ಕಾಯದೆಯೂ ಮಾಡಬಹುದಾದ ಕೆಲಸವೊಂದಿದೆ. ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆಗಳನ್ನು ಕರ್ನಾಟಕ ಸರ್ಕಾರ ಹಲವು ಬಾರಿ ಕೈಗೊಂಡಿದೆ. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವವನ ಮಾತಿಗೆ ಬಿಡಿ ಗ್ರಾಹಕನ ಮಾತಿಗಿಲ್ಲದ ತೂಕವಿರುತ್ತದೆ. ಅಂಥ ಮುಂದಿನ ಟೆಂಡರಿನಲ್ಲಿ, ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಬ್ಯಾಟರಿಯೇ ಇರಬೇಕು, ಐದು ವರ್ಷ ಕಾಲ ಬದಲಿ ಬ್ಯಾಟರಿ ಮೊದಲೇ ನಿಗದಿಪಡಿಸಿದ ಬೆಲೆಗೆ ಜಿಲ್ಲಾ ಕೇಂದ್ರಗಳಲ್ಲಿ ಸಿಗಬೇಕು ಎಂಬ ಎರಡು ಷರತ್ತುಗಳನ್ನು ಸೇರಿಸಲು ಯಾವ ಹೊಸ ಶಾಸನವೂ ಬೇಕಾಗಿಲ್ಲ.